ರಾಚಪ್ಪನ ಜಾಗ

ರಾಚಪ್ಪ ಪರದೇಶದಿಂದ ಊರಿಗೆ ಬಂದ ದಿನಕ್ಕೆ ನಾನು ರಾಚಪ್ಪನಾಗಿ ಸರಿಯಾಗಿ ಒಂದು ವರ್ಷ ನಾಲ್ಕು ದಿನವಾಗಿತ್ತು. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎನ್ನುತ್ತಾರೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ, ಅವನಿಗಿಂತ ನಾನೇ ಚೆನ್ನಾಗಿ ರಾಚಪ್ಪನಾಗಿದ್ದೆ. ಅವನ ಹಿಟ್ಟಿನ ಗಿರಣಿ ನಡೆಸುತ್ತಿದ್ದೆ. ಸಂಜೆ ಅವನ ಕಟ್ಟೆಯ ಮೇಲೆ ಕೂತು ಅವನ ಅಭಿಪ್ರಾಯಗಳನ್ನು ಹೇಳುತ್ತಿದ್ದೆ. ನನಗೆ ಎಲೆ ಅಡಿಕೆ ಒಗ್ಗುವುದಿಲ್ಲ, ಆದರೂ ಅವನು ತಿನ್ನುತ್ತಿದ್ದನೆಂದು ತಿಂದು, ಅವನು ಉಗುಳುತ್ತಿದ್ದ ಮೂಲೆಯಲ್ಲೇ ಉಗುಳುತ್ತಿದ್ದೆ. ಅವನ ಕಾಲದಲ್ಲಿ ಹಿಟ್ಟು ತರಿತರಿಯಾಯಿತೆಂದು ಹೆಂಗಸರು ವಾರಕ್ಕೊಮ್ಮೆ ಬಂದು ಬೈಯುತ್ತಿದ್ದರು. ನನ್ನ ಕಾಲದಲ್ಲಿ ತಿಂಗಳಿಗೊಮ್ಮೆ.

ನಮ್ಮ ಊರಲ್ಲಿ ಬಿಟ್ಟುಹೋದ ಜಾಗ ಮುಚ್ಚಿಕೊಳ್ಳುತ್ತದೆ. ಒಂದು ಅಮಾವಾಸ್ಯೆ ದಾಟಿದರೆ ಸಾಕು. ಕ್ಷೌರದ ತಿಪ್ಪಣ್ಣ ಮೊಣಕಾಲಿನ ಆಪರೇಷನ್ನಿಗೆಂದು ಹೋಗಿ ಎರಡು ತಿಂಗಳು ಬಿಟ್ಟು ಬಂದಾಗ ಅವನ ಅಂಗಡಿ ಕಪಾಟಿನಷ್ಟಾಗಿತ್ತು. ಈಗ ಅವನು ಮಕ್ಕಳ ಕ್ಷೌರ ಮಾತ್ರ ಮಾಡುತ್ತಾನೆ, ಅದೂ ತಾನು ಬಾಗಿಲಾಚೆ ನಿಂತು ಕೈಯನ್ನಷ್ಟೇ ಒಳಗಿಟ್ಟು. ಹೆಡ್ ಮಾಸ್ತರರ ಸೊಸೆ ಹೆರಿಗೆ ಮುಗಿಸಿ ತವರಿನಿಂದ ಬಂದರೆ ಅವಳ ಅಡುಗೆಮನೆ ದೀಪ ಇಡುವ ಗೂಡಿನಷ್ಟು ಉಳಿದಿತ್ತು. ಅತ್ತೆಯ ಒಲೆಯಲ್ಲೇ ಅವಳೂ ಬೇಯಿಸಬೇಕಾಗಿ ಬಂದು ಆ ಮನೆಯಲ್ಲಿ ನಡೆದದ್ದನ್ನು ಹೇಳಲು ಬೇರೆಯೇ ಕಥೆ ಬೇಕು. ಆದ್ದರಿಂದ ನಮ್ಮಲ್ಲಿ ಊರು ಬಿಡುವವರು ಬೀಗ ಹಾಕುವುದಿಲ್ಲ, ಬದಲಿಯನ್ನು ಇಟ್ಟು ಹೋಗುತ್ತಾರೆ.

ನಾನು ಬದಲಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ನಮ್ಮ ಮನೆಯಲ್ಲಿ ಏಳು ಗಂಡುಮಕ್ಕಳು, ನಾನು ಏಳನೆಯವನು. ನಾನು ಹುಟ್ಟುವ ಹೊತ್ತಿಗೆ ಊಟದ ಸಾಲಿನಲ್ಲಿ, ಹಾಸಿಗೆಯ ಸಾಲಿನಲ್ಲಿ, ಅವ್ವನ ಮಡಿಲಲ್ಲಿ ಎಲ್ಲ ಕಡೆ ಜಾಗ ತುಂಬಿಹೋಗಿತ್ತು. ಉಳಿದವರು ಎದ್ದ ಮೇಲೆ ಹೊಸ್ತಿಲ ಮೇಲೆ ಕೂತು ಉಣ್ಣುತ್ತಿದ್ದೆ. ಜಾಗವೇ ಇಲ್ಲದವನಿಗೆ ಜಾಗ ಮುಚ್ಚಿಹೋಗುವ ಚಿಂತೆಯೂ ಇಲ್ಲವೆಂದು ಊರವರು ನನ್ನನ್ನು ಎಲ್ಲೆಂದರಲ್ಲಿ ಕೂರಿಸಿದರು. ಎಂಟು ತಿಂಗಳು ಪೋಸ್ಟ್‌ಮನ್ ಆಗಿದ್ದೆ. ಒಂದು ಶ್ರಾವಣ ಪೂರ್ತಿ ಪೂಜಾರಿಯಾಗಿದ್ದೆ. ಒಬ್ಬ ಮದುಮಗನಿಗೆ ಬದಲಿಯಾಗಿ ಅರಿಶಿಣ ಹಚ್ಚಿಸಿಕೊಳ್ಳುವವರೆಗೂ ಹೋಗಿದ್ದೆ, ಅಷ್ಟರಲ್ಲಿ ಆ ಪುಣ್ಯಾತ್ಮ ಬಸ್ಸಿಳಿದು ಬಂದುಬಿಟ್ಟ.

ರಾಚಪ್ಪನ ಹೆಂಡತಿ ಶಶಿಕಲಾ ನರ್ಸು. ಅವಳಿಗೆ ಫಿನ್ಲೆಂಡ್ ಎಂಬ ದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಗಂಡನನ್ನೂ ಒಂಬತ್ತು ವರ್ಷದ ಮಗಳು ಮೇದಿನಿಯನ್ನೂ ಕಟ್ಟಿಕೊಂಡು ಹೊರಟಳು. ಮೂವರು ಹೋದರೆ ಮೂವರು ಬದಲಿ ಬೇಕು. ರಾಚಪ್ಪನಿಗೆ ನಾನು. ಶಶಿಕಲಾಳಿಗೆ ಸೂಲಗಿತ್ತಿ ಕಾಶವ್ವ, ಅರವತ್ತರ ಮೇಲಾದರೂ ತೆಂಗಿನ ಮರದಂಥ ಆಳು. ಮೇದಿನಿಗೆ ಮಾತ್ರ ಬದಲಿ ಸಿಗಲಿಲ್ಲ. ಯಾವ ತಾಯಿ ತನ್ನ ಮಗುವನ್ನು ಇನ್ನೊಂದು ಮಗುವಾಗಲು ಕೊಟ್ಟಾಳು? ಕೊನೆಗೆ ಎಪ್ಪತ್ತೊಂದು ವರ್ಷದ ದ್ಯಾವಪ್ಪಜ್ಜ ತಾನಾಗಿ ಒಪ್ಪಿದ. ಮರುದಿನದಿಂದಲೇ ಪಾಟಿಚೀಲ ಹೆಗಲಿಗೇರಿಸಿ ನಾಲ್ಕನೇ ಇಯತ್ತೆಗೆ ಹೊರಟ. ಚಿಕ್ಕವನಿದ್ದಾಗ ನಾಲ್ಕನೆಯದರಲ್ಲಿ ಮೂರು ಸಲ ಫೇಲಾಗಿ ಶಾಲೆ ಬಿಟ್ಟವನು. ಈಗ ಸಂಜೆ ಮನೆಗೆ ಬಂದು, 'ರಾಚಪ್ಪಾ, ನಾಳೆ ಟೆಸ್ಟ್ ಐತಿ, ಮಗ್ಗಿ ಹೇಳಿಸೋ' ಎಂದು ನನ್ನೆದುರು ಕೈಕಟ್ಟಿ ನಿಲ್ಲುತ್ತಿದ್ದ.

ಬದಲಿ ಒಂದು ವರ್ಷಕ್ಕೆ ಮಾತ್ರ. ವರ್ಷ ತುಂಬಿದ ಮೇಲೆ ಅಸಲಿ ಮನುಷ್ಯ ಬಂದು ಹನ್ನೊಂದು ದಿನ ತನ್ನ ಜಾಗದಲ್ಲಿದ್ದು, ಹನ್ನೊಂದನೆಯ ದಿನ ಮಧ್ಯಾಹ್ನ ಊರಿನ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಮನೆಗೊಬ್ಬರಂತೆ ಮುತ್ತಜ್ಜಂದಿರ ಕಾಲದಿಂದ ಅಲ್ಲಿ ಎಲ್ಲರದೂ ಗೊತ್ತಾದ ಜಾಗ. ಅವನಿಗೆ ಆ ಜಾಗ ತೆರೆದುಕೊಂಡರೆ ಇನ್ನೊಂದು ವರ್ಷ ಮನೆ, ಗಿರಣಿ, ಕಟ್ಟೆ ಎಲ್ಲ ಅವನದೇ, ಎಲ್ಲಿ ಬೇಕಾದರೂ ಹೋಗಿ ಬರಬಹುದು. ತೆರೆಯದಿದ್ದರೆ ಬದಲಿಯನ್ನು ಕೂರಿಸಿ ನೋಡುತ್ತಾರೆ. ಅವನಿಗೆ ತೆರೆದರೆ ಎಲ್ಲವೂ ಕಾಯಮ್ಮಾಗಿ ಬದಲಿಯದು. ಇನ್ನೂ ಒಂದು ಮಾತಿದೆ. ಆ ಹನ್ನೊಂದು ದಿನ ಬದಲಿ ಜೊತೆಗಿದ್ದು, ಬಂದವನಿಗೆ ಅವನ ಬದುಕನ್ನು ತಿಳಿಸಿ ಒಪ್ಪಿಸಬೇಕು. ಹಾಲಿನ ಪಾತ್ರೆ ಕಾಯಲು ಬೆಕ್ಕನ್ನೇ ಕೂರಿಸುವ ಈ ಪದ್ಧತಿ ಯಾರು ಮಾಡಿದರೋ ತಿಳಿಯದು. ನಾನಂತೂ ಮುಚ್ಚಿಡುವುದಿಲ್ಲ, ಆ ಜಾಗ ನನಗೆ ಬೇಕಾಗಿತ್ತು. ನಲವತ್ತಾರು ವರ್ಷಕ್ಕೆ ಮೊದಲ ಸಲ ನನ್ನ ಬೆನ್ನಿಗೆ ಒರಗಲು ಒಂದು ಗೋಡೆ ಇತ್ತು.

ಬಂದವರು ಟೆಂಪೋ ಇಳಿದರು. ರಾಚಪ್ಪ ಆರಡಿ ಆಳು, ಬೆಳ್ಳಗಾಗಿದ್ದ, ಗಲ್ಲ ತುಂಬಿಕೊಂಡಿದ್ದ. 'ನನ್ನ ಮನಿ!' ಎಂದು ಕಣ್ಣಲ್ಲಿ ನೀರು ತಂದುಕೊಂಡು ಒಳಗೆ ನುಗ್ಗಿದ. ಢಣ್ಣೆಂದು ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು.

'ಅಯ್ಯಯ್ಯಪ್ಪಾ! ಈ ಚೌಕಟ್ಟ ಯಾರೋ ಇಳಿಸಿದವ್ರು?'

'ಯಾರೂ ಇಳಿಸಿಲ್ಲೋ,' ಎಂದೆ. 'ಒಂದ ವರ್ಷ ನಾ ಓಡ್ಯಾಡೇನಲ್ಲ, ನನ್ನ ಎತ್ತರಕ್ಕ ಬಂದೈತಿ.'

ನಾನು ಐದಡಿಗೆ ಒಂದಿಂಚು ಕಡಿಮೆ. ಜಾಗಕ್ಕೆ ಇರುವವರ ಅಳತೆ ಬರುವುದು ನಮ್ಮಲ್ಲಿ ಸಹಜ. ಬಚ್ಚಲಿನ ಬಾಗಿಲಲ್ಲಿ ಎರಡನೆಯ ಪೆಟ್ಟು, ಹಿತ್ತಲ ಬಾಗಿಲಲ್ಲಿ ಮೂರನೆಯದು ಬಿತ್ತು. ಮಲಗಿದರೆ ಮಂಚದಿಂದಾಚೆ ಅವನ ಕಾಲು ಮೊಣಕಾಲಿನವರೆಗೆ ಹೊರಗೆ. ಅಡುಗೆಮನೆಯಲ್ಲಿ ಇದರ ಉಲ್ಟಾ ಆಗಿತ್ತು. ಕಾಶವ್ವನ ಎತ್ತರಕ್ಕೆ ಕಟ್ಟೆ, ಒಲೆ, ಡಬ್ಬಿಯ ಹಲಗೆ ಎಲ್ಲ ಮೇಲೇರಿದ್ದವು. ಕುಳ್ಳಿ ಶಶಿಕಲಾ ಸ್ಟೂಲಿನ ಮೇಲೆ ನಿಂತು ಚಹಾ ಕುದಿಸಿದಳು.

ಕಾಶವ್ವ ಮಾತ್ರ ಒಂದು ಗಳಿಗೆ ತಡಮಾಡಲಿಲ್ಲ. ಸೀರೆಯ ಗಂಟು ಹೆಗಲಿಗೇರಿಸಿ, 'ತಗೋ ತಂಗಿ ನಿನ್ನ ಮನಿ,' ಎಂದಳು. 'ಗಂಡನ ಜೋಡಿ ವಾರಕ್ಕ ಎರಡ ಸರ್ತಿ ಜಗಳಾಡು ಅಂತ ಹೇಳಿದ್ದಿ. ನಾ ಮೂರ ಸರ್ತಿ ಆಡೇನಿ. ಒಂದು ನನ್ನ ಕಡಿಂದ.' ನನ್ನ ಕಡೆ ತಿರುಗಿಯೂ ನೋಡದೆ ಹೋದಳು. ವರ್ಷವಿಡೀ ಅವಳಿಂದ ಬೈಸಿಕೊಂಡ ನಾನು, ನಿಜ ಹೇಳುತ್ತೇನೆ, ಅವಳು ಓಣಿ ತಿರುಗುವವರೆಗೂ ಬಾಗಿಲಲ್ಲಿ ನಿಂತು ನೋಡಿದೆ.

ಮೇದಿನಿ ಮರುದಿನ ಶಾಲೆಗೆ ಹೋಗಿ ತನ್ನ ಬೆಂಚು ಕೇಳಿದಳಂತೆ. ಟೀಚರು ಹಾಜರಿ ಕೂಗಿ, 'ಮೇದಿನಿ ರಾಚಪ್ಪ' ಎಂದಾಗ ಎರಡು ಕೈ ಎದ್ದವು, ಒಂದು ಚಿಕ್ಕದು, ಒಂದು ನರಗಟ್ಟಿದ್ದು. ಹುಡುಗಿಯರೆಲ್ಲ ಅಜ್ಜನ ಕಡೆಯೇ. ಕುಂಟಾಬಿಲ್ಲೆಯಲ್ಲಿ ಅವನು ಮೋಸ ಮಾಡುವುದಿಲ್ಲ, ಜೇಬಿನಲ್ಲಿ ಶೇಂಗಾ ಇರುತ್ತದೆ, ಯಾರಾದರೂ ಬೈದರೆ ತಾನು ಎದ್ದು ನಿಲ್ಲುತ್ತಾನೆ. ಮಧ್ಯಾಹ್ನಕ್ಕೇ ಮನೆಗೆ ಬಂದ ಹುಡುಗಿ ಚೀಲ ಬಿಸಾಕಿ ಹೇಳಿತು: 'ಅವ್ವಾ, ಅಜ್ಜ ನಾಕನೆತ್ತೆ ಪಾಸಾಗಿ ಐದನೇದಕ್ಕ ಬಂದಾನ. ನನಗಿಂತ ಚಲೋ ಮೇದಿನಿ ಆಗ್ಯಾನ. ಇರ್ಲಿ ಬಿಡು, ನಾ ರಜಾದಾಗ ಬಂದೇನಿ.' ಹಿಂದೆಯೇ ಏದುಸಿರು ಬಿಡುತ್ತ ಬಂದ ದ್ಯಾವಪ್ಪಜ್ಜ ಇದನ್ನು ಕೇಳಿ ಹೊಸ್ತಿಲ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತ. ಪಂಕ್ತಿಯಲ್ಲಿ ಮಕ್ಕಳ ಪರೀಕ್ಷೆ ಇಲ್ಲವಾದ್ದರಿಂದ ಅವರಿಬ್ಬರ ವ್ಯವಹಾರ ಅಲ್ಲಿಗೆ ಇತ್ಯರ್ಥವಾಯಿತು. ದೊಡ್ಡವರದು ಅಷ್ಟು ಸಲೀಸಲ್ಲ.

ರಾಚಪ್ಪನಿಗೆ ಅವನ ಬದುಕು ಅಳತೆ ತಪ್ಪಿತ್ತು. ಅವನು ಯಾರೊಡನೆ ಮಾತಾಡಿದರೂ ಒಂದೂವರೆ ಮಾರು ದೂರ ನಿಲ್ಲುತ್ತಿದ್ದ. ಅಲ್ಲಿ ಹಾಗೆ ರೂಢಿಯಂತೆ. ನಮ್ಮ ಊರಲ್ಲಿ ಇಬ್ಬರ ನಡುವೆ ಅಷ್ಟು ಖಾಲಿ ಬಿಟ್ಟರೆ ಏನಾದರೂ ಬಂದು ತುಂಬಿಕೊಳ್ಳುತ್ತದೆ. ಮೊದಲ ಸಂಜೆ ಕಟ್ಟೆಯ ಬಳಿ ಅವನು ನಾಗನಗೌಡರ ಕ್ಷೇಮಸಮಾಚಾರ ಕೇಳುತ್ತಿದ್ದಾಗ ನಡುವೆ ಒಂದು ಎಮ್ಮೆ ಬಂದು ನಿಂತಿತು. ಊರಿನ ಜಾಗಗಳನ್ನು ಅಳೆಯುವ ಕೋಲು ಗೌಡರ ಕೈಯಲ್ಲೇ ಇರುವುದು, ಪಂಕ್ತಿಯ ತೀರ್ಪೂ ಅವರದೇ. ಅಂಥವರೊಡನೆ ಎಮ್ಮೆಯ ಬೆನ್ನ ಮೇಲಿಂದ ಮಾತಾಡಿದರೆ ಹೇಗೆ? ಕೊನೆಗೆ ಗೌಡರು, 'ರಾಚಪ್ಪ ಯಾಕ ಹಿಂಗ ಉಸಿರಾಡ್ತಾನ?' ಎಂದು ಎಮ್ಮೆಯನ್ನೇ ನೋಡುತ್ತ ಕೇಳಿದರು. ಕಟ್ಟೆಯ ಮೇಲೆ ಕೂತರೂ ಅಷ್ಟೇ, ಅಂಚಿನಲ್ಲಿ ಒಂದಿಷ್ಟೇ ಊರಿ ಕೂರುತ್ತಿದ್ದ. ಎಲ್ಲದಕ್ಕೂ ಥ್ಯಾಂಕ್ಸ್ ಹೇಳುತ್ತಿದ್ದ. ಹಿಟ್ಟು ಬೀಸಿಸಿಕೊಂಡ ನಿಂಗವ್ವನಿಗೆ ಥ್ಯಾಂಕ್ಸ್ ಹೇಳಿದಾಗ ಅವಳು ಗಾಬರಿಯಾಗಿ ಹಿಟ್ಟನ್ನು ಮತ್ತೆ ತೂಗಿಸಿದಳು.

'ನೀ ನಂಗ ಎಲ್ಲಾ ಮತ್ತೊಮ್ಮೆ ಹೇಳಿಕೊಡಬೇಕು ನೋಡು,' ಎಂದು ನನ್ನ ಕೈ ಹಿಡಿದ. 'ಯಾರ ಜೋಡಿ ಮಾತು ಐತಿ, ಯಾರ ಜೋಡಿ ಬಿಟ್ಟೇನಿ, ಎಲ್ಲಾ.'

ನಾನು ಹೇಳಿಕೊಟ್ಟೆ. ಹತ್ತರಲ್ಲಿ ಒಂಬತ್ತು ನಿಜವೇ ಹೇಳಿದೆ. ಹತ್ತನೆಯದು ಬಸಲಿಂಗನದು. ಪಂಕ್ತಿಯಲ್ಲಿ ರಾಚಪ್ಪನ ಎಡಕ್ಕೆ ಕೂರುವವನು ಅವನೇ. ಅವನ ಮಗಳ ನಿಶ್ಚಯಕ್ಕೆಂದು ಹೋಳಿಗೆಗೆ ಗೋಧಿ ಬೀಸಲು ಕೊಟ್ಟಿದ್ದ. ನಾನು ಅದಕ್ಕೂ ಮುಂಚೆ ಖಾರದ ಮೆಣಸಿನಕಾಯಿ ಬೀಸಿ, ಕಲ್ಲು ಒರೆಸದೆ ಅವನ ಗೋಧಿ ಹಾಕಿಬಿಟ್ಟೆ. ಹೋಳಿಗೆ ನೋಡಲು ಬಂಗಾರದ ಬಣ್ಣಕ್ಕೆ ಬಂದಿದ್ದವಂತೆ. ಬೀಗರು ಒಂದು ತುತ್ತು ಬಾಯಿಗಿಟ್ಟು ಚೆಂಬು ಚೆಂಬು ನೀರು ಕುಡಿದು, ಕೆಮ್ಮುತ್ತಲೇ ಗಾಡಿ ಹತ್ತಿದರು. ನಿಶ್ಚಯ ಮುರಿಯಿತು. ಅಂದಿನಿಂದ ಬಸಲಿಂಗ ರಾಚಪ್ಪನ ಹೆಸರೆತ್ತಿದರೆ ಉಗುಳುತ್ತಾನೆ, ರಾಚಪ್ಪ ಅಂದರೆ ಆಗ ನಾನು. ಇದನ್ನೆಲ್ಲ ನಾನು ಹೇಳಲಿಲ್ಲ. ಹೇಳಿದ್ದು ಹೀಗೆ: 'ಬಸಲಿಂಗನ ಜೋಡಿ ಭಾಳ ಚಲೋ ಐತಿ. ಮೊದ್ಲ ಅವನ ಮನಿಗೆ ಹೋಗು. ಹೋಳಿಗಿ ಹೆಂಗಿದ್ದುವು ಅಂತ ಕೇಳು, ಖುಷಿ ಆಗ್ತಾನ.'

ಅವನು ಹೋದ. ಅರ್ಧ ಗಂಟೆಯಲ್ಲಿ ಬಂದ, ಹಣೆಯ ಮೇಲೆ ನಾಲ್ಕನೆಯ ಗುಬುಟು. ಬಸಲಿಂಗ ಹಿತ್ತಾಳೆ ಚೆಂಬು ಎಸೆದಿದ್ದ. ನನ್ನ ಕುತಂತ್ರ ತಿಳಿಯಿತು, ಈಗ ನನ್ನ ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಗೋಡೆಗೆ ಸರಿದು ನಿಂತೆ. ಅವನು ಬಂದು ಮಂಚದ ಮೇಲೆ ಕುಳಿತ.

'ತಪ್ಪು ನಂದ ಇರಬೇಕು,' ಎಂದ. 'ಕೇಳೂ ಧಾಟಿ ತಪ್ಪೇತಿ. ಮನಷ್ಯಾರ ಜೋಡಿ ಮಾತಾಡೂದ ಮರ್ತೇನಿ ನಾ. ಅಲ್ಲೆ ಬಸ್ಸಿನಾಗ ನನ್ನ ಬಾಜೂ ಸೀಟ ಖಾಲಿ ಇದ್ರೂ ಜನ ನಿಂತಗೊಂಡ ಹೋಗ್ತಾರ. ಮೊದಲ ತಿಂಗಳು ನಂಗ ಏನೋ ರೋಗ ಐತಿ ಅಂದ್ಕೊಂಡಿದ್ನಿ. ಶಶಿಕಲಾನ ಕೇಳಿದ್ರ, ಅದು ಅವ್ರ ಮರ್ಯಾದಿ ಅಂದ್ಲು. ಕೆಟ್ಟ ಮಂದಿ ಅಲ್ಲ, ಭಾಳ ಚಲೋ ಮಂದಿ. ಆದ್ರ ಒಂದ ವರ್ಷದಾಗ ನನಗ ಯಾರೂ ಹಾಯ್ದಿಲ್ಲ ನೋಡು, ಒಬ್ರೂ ನೂಕಿಲ್ಲ.' ಹಣೆಯ ಗುಬುಟು ಒತ್ತಿಕೊಳ್ಳುತ್ತ, 'ಇಲ್ಲೆ ಒಂದ ಜಾಗ ನಂದೈತಿ ಅನ್ನೂದ ನೆನಿಸಿಕೊಂಡ ಅಲ್ಲೆ ದಿನಾ ಬಸ್ ಹತ್ತತೇನಿ. ಅದೂ ಹೋದ್ರ ಹೆಂಗೋ?' ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಕಳ್ಳ ಎನ್ನಲೂ ಇಲ್ಲ, ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು. ನಿಜ ಹೇಳಿಬಿಡಬೇಕೆಂದು ಆ ದಿನವಿಡೀ ಬಾಯಿ ತೆರೆದೆ, ಮುಚ್ಚಿದೆ. ತೆರೆದಾಗಲೆಲ್ಲ ನಮ್ಮಣ್ಣನ ಮನೆಯ ಹೊಸ್ತಿಲು ಕಣ್ಣಿಗೆ ಕಟ್ಟುತ್ತಿತ್ತು. ದಿನ ಐದು ಹೋಯಿತು, ಏಳು ಹೋಯಿತು. ಶಶಿಕಲಾ ಸ್ಟೂಲಿನ ಮೇಲಿಂದಲೇ ನನಗೆ ರೊಟ್ಟಿ ತಟ್ಟಿ ಹಾಕುತ್ತ, 'ಅಣ್ಣಾ, ನೀವು ನಮ್ಮ ಮನಿ ಭಾಳ ಚಲೋ ಇಟ್ಟೀರಿ,' ಎಂದು ಬೇರೆ ಹೇಳಿದಳು. ನಾನು ಅವಳ ಮುಖ ನೋಡಲಿಲ್ಲ, ಆದರೂ ರೊಟ್ಟಿ ನಾಲ್ಕು ತಿಂದೆ.

ಹನ್ನೊಂದನೆಯ ದಿನ ಬಂತು. ಛತ್ರದ ಉದ್ದನೆಯ ಹಜಾರದಲ್ಲಿ ಮನೆಗೊಬ್ಬರಂತೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. ಕಿಟಕಿಗಳಲ್ಲಿ ಹೆಂಗಸರು ಮಕ್ಕಳು. ಶಾಲೆಗೆ ರಜೆ ಕೊಟ್ಟಿದ್ದರಿಂದ ದ್ಯಾವಪ್ಪಜ್ಜನೂ ಮೇದಿನಿಯೂ ಒಂದೇ ಕಿಟಕಿಯಲ್ಲಿ ತಲೆ ತೂರಿಸಿದ್ದರು. ಪಂಕ್ತಿಯಲ್ಲಿ ಕೂತವನು ಊಟ ಮುಗಿಯುವವರೆಗೆ ಕದಲುವುದಿಲ್ಲ. ಇರುವೆ ಕಚ್ಚಿದರೂ ಕಚ್ಚಿಸಿಕೊಳ್ಳುತ್ತಾನೆ. ಒಂದು ಬೆರಳು ಆಚೆ ಸರಿದರೆ ಆ ಒಂದು ಬೆರಳಿನಷ್ಟು ಜಾಗ ಹೋದಂತೆಯೇ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು.

ಎಡಕ್ಕೆ ಬಸಲಿಂಗ, ಬಲಕ್ಕೆ ಪೂಜಾರಿ, ನಡುವೆ ರಾಚಪ್ಪನ ಜಾಗ. ರಾಚಪ್ಪ ಮಡಿಪಂಚೆ ಉಟ್ಟು, ನಾಲ್ಕು ಗುಬುಟಿನ ಹಣೆಗೆ ವಿಭೂತಿ ಹಚ್ಚಿ ಬಂದ. ಬಂದವನು ಸುಮ್ಮನೆ ಕೂರುವುದು ಬಿಟ್ಟು, ಅಲ್ಲಿಯ ರೂಢಿಯಂತೆ ಮಾರು ದೂರ ನಿಂತು, 'ಕೂಡ್ರಲಾ?' ಎಂದು ಕೇಳಿದ. ಕೇಳಿದ್ದೇ ತಡ, ಜಾಗ ಕುಗ್ಗಿತು. ನಾಗನಗೌಡರು ಕೋಲಿಟ್ಟು ನೋಡಿದರು. ಒಂದು ಗೇಣು. ರಾಚಪ್ಪ ಅಡ್ಡಕ್ಕೆ ತಿರುಗಿ ನೋಡಿದ, ಉಸಿರು ಬಿಗಿಹಿಡಿದು ನೋಡಿದ, ಒಂದು ಕಾಲು ಮಾತ್ರ ಇಟ್ಟು ನೋಡಿದ. ಬಸಲಿಂಗ ಮೊಣಕೈ ಇನ್ನಷ್ಟು ಅಗಲಿಸಿ, 'ಹೋಳಿಗಿ ಬೇಕೇನೋ ಹೋಳಿಗಿ?' ಎಂದ. ಕಿಟಕಿಯಲ್ಲಿ ಯಾರೋ ನಕ್ಕರು. ಶಶಿಕಲಾ ನಗಲಿಲ್ಲ.

'ಬದಲಿ ಕೂಡ್ರಲಿ,' ಎಂದರು ಗೌಡರು.

ನಾನು ಹೋದೆ. ಯಾರನ್ನೂ ಕೇಳಲಿಲ್ಲ, ನಿಲ್ಲಲಿಲ್ಲ, ಎರಡು ಮೈಗಳ ನಡುವೆ ಮೊಣಕೈ ತೂರಿಸಿ ಕುಂಡಿ ಊರಿದೆ. ಜಾಗ ಬೆಣ್ಣೆಯಂತೆ ಬಿಟ್ಟುಕೊಂಡಿತು. ಬಸಲಿಂಗ ಹಲ್ಲು ಕಡಿಯುತ್ತಲೇ ನನ್ನ ಹೆಗಲಿಗೆ ಹೆಗಲು ಕೊಟ್ಟ. ದ್ವೇಷವಾದರೂ ವರ್ಷದ ಬಳಕೆಯ ದ್ವೇಷ. ಬೆನ್ನ ಹಿಂದೆ ಗೋಡೆ ತಣ್ಣಗೆ ತಗುಲಿತು. 'ರಾಚಪ್ಪಂದ ಆತು,' ಎಂದರು ಗೌಡರು ನನ್ನನ್ನು ನೋಡಿ. ಎಲ್ಲರೂ, 'ಆತು, ಆತು' ಎಂದರು. ನನಗೆ ಎಂಥ ಸಂತೋಷವಾಯಿತೆಂದರೆ ಎದೆ ನೋಯಿತು. ಮನೆ ನನ್ನದು. ಗಿರಣಿ ನನ್ನದು. ನನ್ನ ಎತ್ತರದ ಬಾಗಿಲುಗಳು ಇನ್ನು ಸಾಯುವತನಕ ನನ್ನ ಎತ್ತರದವೇ.

ತಲೆಯೆತ್ತಿದೆ. ರಾಚಪ್ಪ ಇನ್ನೂ ಅಲ್ಲೇ ನಿಂತಿದ್ದ. ಊರಿನ ಎಲ್ಲರೂ ಕೂತಿದ್ದ ಹಜಾರದಲ್ಲಿ ಕೋಲು ಹಿಡಿದ ಗೌಡರನ್ನು ಬಿಟ್ಟರೆ ನಿಂತಿದ್ದವನು ಅವನೊಬ್ಬನೇ, ಆರಡಿ ಉದ್ದಕ್ಕೂ ಎಲ್ಲರಿಗೂ ಕಾಣುವಂತೆ. ಕಿಟಕಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಹೊರಗೆ ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ದಡದಡ ಬಂದು, ನನ್ನ ಮೂಗಿಗೆ ಅವನ ಮೂಗು ತಗುಲುವಷ್ಟು ಹತ್ತಿರ ಕುಕ್ಕರುಗಾಲಲ್ಲಿ ಕೂತು, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟ.

'ಮುರಿಗೆಪ್ಪಾ,' ಎಂದ, 'ಒಂದೀಟ ಸರ್ಕೋ.'

ಸರಿದುಕೊಳ್ಳುವುದು ಎಂಬ ಮಾತನ್ನು ಆ ಪಂಕ್ತಿಯಲ್ಲಿ ಯಾರೂ ಯಾರಿಗೂ ಅಂದವರಿಲ್ಲ. ಬಸಲಿಂಗ ನನ್ನ ಕಿವಿಯಲ್ಲಿ, 'ಕದಲಬ್ಯಾಡ, ಹೋಕ್ಕೈತಿ' ಎಂದ. ಶತ್ರುವಾದರೂ ನನ್ನ ಒಳ್ಳೆಯದಕ್ಕೇ ಅಂದ. ಸರಿದರೆ ಇರುವುದೂ ಹೋಗುತ್ತದೆ, ಅದು ನನಗೂ ಗೊತ್ತು. ಆದರೆ ಮುರಿಗೆಪ್ಪ ಎಂದು ಕರೆಸಿಕೊಂಡು ಎಷ್ಟು ದಿನವಾಗಿತ್ತೆಂದರೆ ಯಾರನ್ನು ಕರೆದರೆಂದು ನಾನೇ ಒಂದು ಕ್ಷಣ ಹುಡುಕಿದೆ.

'ಬಸಲಿಂಗಂದು ನಾನ ಸುಳ್ಳ ಹೇಳಿದ್ನಿ,' ಎಂದೆ. ಗುಟ್ಟಾಗಿ ಹೇಳಬೇಕೆಂದಿದ್ದೆ, ಇಡೀ ಹಜಾರಕ್ಕೆ ಕೇಳಿಸಿತು. 'ಖಾರದ ಗೋಧಿ ಬೀಸಿದಂವಾ ನಾ. ಬೇಕಂತ ಕಳಿಸಿದ್ನಿ ನಿನ್ನ.'

'ಅದಕ್ಕ ಆಮ್ಯಾಲೆ ಜಗಳಾಡೂಣು,' ಎಂದ ರಾಚಪ್ಪ. 'ಕಾಲು ನೋಯಾಕತ್ತಾವ. ಮೊದ್ಲ ಸರ್ಕೋ.'

ನಾನು ಕಣ್ಣು ಮುಚ್ಚಿಕೊಂಡು ಸರಿದೆ. ಗೇಣು ಸರಿದೆ. ಬಸಲಿಂಗನಿಗೆ ನನ್ನ ಮೈ ಒತ್ತಿತು, ಅವನು 'ಏಯ್, ಏಯ್' ಎನ್ನುತ್ತ ಪಕ್ಕದವನಿಗೆ ಒತ್ತಿದ, ಅವನು ಅದರಾಚೆಯವನಿಗೆ. ಬೈಗುಳ ಹಜಾರದ ಉದ್ದಕ್ಕೂ ಒಬ್ಬರಿಂದೊಬ್ಬರಿಗೆ ದಾಟಿಕೊಂಡು ಹೋಗಿ, ಕೊನೆಯಲ್ಲಿ ಕೂತಿದ್ದ ತಿಪ್ಪಣ್ಣನ ಹೆಗಲು ಆ ತುದಿಯ ಗೋಡೆಗೆ ತಗುಲಿತು. ಗೋಡೆ ಕರಕರ ಎಂದು ಒಂದು ಮೊಳ ಹಿಂದೆ ಹೋಯಿತು. ಸುಣ್ಣದ ಪುಡಿ ಎಲ್ಲರ ತಲೆಯ ಮೇಲೆ ಉದುರಿತು. ರಾಚಪ್ಪ ಧೊಪ್ಪೆಂದು ನನ್ನ ಪಕ್ಕ ಕೂತ. ಕೂತವನ ತೊಡೆ ನನ್ನ ತೊಡೆಗೆ ಒತ್ತಿತ್ತು, ಅವನು ಅದನ್ನು ತೆಗೆಯಲಿಲ್ಲ.

ಗೌಡರು ಕೋಲು ಹಿಡಿದು ಬಂದರು. ಅಳೆದರು. ತಿರುಗಿಸಿ ಅಳೆದರು. ರಾಚಪ್ಪನ ಜಾಗ ಇದ್ದಷ್ಟೇ ಇತ್ತು. ಅದರ ಪಕ್ಕ ಇನ್ನೊಂದು ಇತ್ತು, ಅದು ಯಾರ ಮುತ್ತಜ್ಜನದೂ ಅಲ್ಲ. ಗೌಡರು ಏನೋ ಹೇಳಲು ಬಾಯಿ ತೆರೆದರು. ಹಸಿದಿದ್ದರೆಂದು ಕಾಣುತ್ತದೆ, 'ಬಡಸ್ರಿ' ಎಂದು ಹೋಗಿ ಕೂತುಬಿಟ್ಟರು.

ಬಡಿಸುವ ಈರಯ್ಯ ಎಲೆ ಹಾಕುತ್ತ ಬಂದ. ಪ್ರತಿ ಎಲೆಗೂ ಅದರ ಯಜಮಾನನ ಹೆಸರು ಕೂಗುವುದು ಅವನ ಪದ್ಧತಿ. 'ಬಸಲಿಂಗಪ್ಪ' ಎಂದು ಒಂದು ಹಾಕಿದ. ನನ್ನ ಮುಂದೆ ಬಂದು ಎಲೆ ಕೈಯಲ್ಲೇ ಹಿಡಿದು ನಿಂತ. ಇಪ್ಪತ್ತು ವರ್ಷದಲ್ಲಿ ನನಗೆ ಹತ್ತಾರು ಹೆಸರಿನಿಂದ ಬಡಿಸಿದ್ದ ಮನುಷ್ಯ.

'ಇದು ಯಾರದ ಅಂತ ಕೂಗಲಿ?' ಎಂದ.

'ಮುರಿಗೆಪ್ಪಂದು,' ಎಂದೆ. ಕೆಮ್ಮಿ ಇನ್ನೊಮ್ಮೆ ಹೇಳಿದೆ.

ಅವನು ಕೂಗಿದ. ಹಜಾರದ ಆ ತುದಿಯವರೆಗೂ ಕೇಳಿತು. ಎಲೆ ಹಾಕಿ, ನೀರು ಚಿಮುಕಿಸಿ, ಹುಗ್ಗಿ ಬಡಿಸಿದ, ತುಪ್ಪ ಹಾಕಿ ಮುಂದಕ್ಕೆ ಹೆಜ್ಜೆಯಿಟ್ಟ. ನಾನು ಎಲೆಯನ್ನು ನೋಡಿದೆ, ಅವನ ಸೌಟನ್ನು ನೋಡಿದೆ.

'ಈರಯ್ಯಾ,' ಎಂದೆ, 'ಇನ್ನೊಂದೀಟ ಹಾಕ.'